ಸ್ಪಂಜಿನೊಳಗಿನ ಹುಡುಗರು

ಕಡಲಿಲ್ಲದ ಊರು, ಹಾಲಿನ ಕಿಟಕಿ ಪಕ್ಕದ ಮೇಜು
ಜೂನ್ ೧೫, ಭಾನುವಾರ

ನನ್ನ ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಿಮ್ಮಡಿ ನೋವು ಕಡಿಮೆಯಾಯಿತೆ? ಎಂಜಿನ್ ರೂಮಿನ ಕಬ್ಬಿಣದ ಮೆಟ್ಟಿಲು ಹತ್ತಿಳಿಯುವಾಗ ಕೈಪಿಡಿ ಬಿಡಬೇಡ ಎಂದರೆ ನೀನು ನಗುತ್ತೀಯ. ನಗು, ಆದರೆ ಹಿಡಿದುಕೊಂಡೇ ನಗು. ಕೈಪಿಡಿಯನ್ನು ಓದಿದರಷ್ಟೇ ಸಾಲದು, ಆಗಾಗ ಹಿಡಿಯಲೂ ಬೇಕು. ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದೀಯ ತಾನೆ? ಹೇಳಿದ್ದು ಕೇಳಿಸಿಕೊಳ್ಳದವರು ಈ ಮನೆಯಲ್ಲಿ ಆಗಲೇ ಒಬ್ಬರಿದ್ದಾರೆ, ಇನ್ನೊಬ್ಬರು ಬೇಡ. ನಾನು ಆರಾಮ. ಮಂಡಿ ಮಾತ್ರ ಹಳೇ ಬಾಗಿಲಿನ ಹಾಗೆ ಕಿರುಗುಡುತ್ತದೆ. ಮನೆಯಲ್ಲೇ ಎಂಜಿನಿಯರ್ ಇರುವಾಗ ಡಾಕ್ಟರು ಯಾಕೆ, ನೀನು ಬಂದಾಗ ಎಣ್ಣೆ ಬಿಟ್ಟರಾಯಿತು ಎಂದು ಸುಮ್ಮನಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನೀನು ಯಾವುದಾದರೂ ಬಂದರಿನಿಂದ ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ ಪಕ್ಕದ ಕುರ್ಚಿಯಲ್ಲೇ ಪೇಪರು ಹಿಡಿದು ಕೂತಿರುತ್ತಾರೆ. ಓದುವುದಿಲ್ಲ. ಹಾಳೆಯನ್ನೂ ತಿರುಗಿಸುವುದಿಲ್ಲ, ಸರಪರ ಸದ್ದಿನಲ್ಲಿ ನಿನ್ನ ಮಾತು ತಪ್ಪಿಹೋದೀತು ಎಂದು. ಆದರೂ "ತಗೊಳ್ರೀ, ಮಾತಾಡಿ" ಎಂದು ಫೋನ್ ಚಾಚಿದರೆ ತಲೆಯಾಡಿಸುತ್ತಾರೆ. ಆ ಕಡೆಯಿಂದ ನೀನು, "ಅಪ್ಪನಿಗೆ ಕೊಡ್ಬೇಡಮ್ಮಾ" ಅನ್ನುತ್ತೀಯ. ಕಾಲೇಜಿನಲ್ಲಿ ರಿಟೈರ್ ಆಗುವವರೆಗೂ ತರ್ಕಶಾಸ್ತ್ರ ಹೇಳಿಕೊಟ್ಟವಳು ನಾನು. ಎರಡು ಮೌನಗಳು ಮಾತಾಡುವಾಗ ನಡುವೆ ಕೂತವಳು ಯಾವ ಪಕ್ಷ ಎಂಬುದಕ್ಕೆ ಆ ಶಾಸ್ತ್ರದಲ್ಲಿ ಸೂತ್ರವಿಲ್ಲ.

ಕಳೆದ ರಜೆಯ ಆ ಸಂಜೆಯನ್ನು ಕೆದಕಲು ನನಗಿಷ್ಟವಿಲ್ಲ, ಆದರೆ ಕೆದಕದೆ ಈ ಕಾಗದ ಮುಂದೆ ಹೋಗುವುದಿಲ್ಲ. ಹಡಗಿನಿಂದ ಬಂದವಳು ಎಂಜಿನ್ ರೂಮಿನಲ್ಲಿ ತೊಡುವ ನಿನ್ನ ಬಾಯ್ಲರ್ ಸೂಟನ್ನು ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಎದೆ, ಮೊಣಕೈ, ಮಂಡಿಯ ತುಂಬ ಎಂಜಿನ್ ಎಣ್ಣೆಯ ಕಪ್ಪು. ಲಾಂಡ್ರಿ ನಡೆಸಿಯೇ ನಿನ್ನನ್ನು ಓದಿಸಿದ ಮನುಷ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹೋಗೋ ಕೊಳೆ ಅಲ್ಲ. ಇಷ್ಟು ಓದಿ ಈ ಕೊಳೆ ಬೇಕಿತ್ತಾ ನಿನಗೆ?" ಅಂದರು. ನೀನು, "ಅದು ಕೊಳೆ ಅಲ್ಲಪ್ಪಾ, ನನ್ನ ಕೆಲಸ" ಅಂದೆ. ಅಷ್ಟೆ. ಆಮೇಲೆ ನೀನು ಬೇರೆ ಸೂಟು ಹಾಕಿಕೊಂಡು ಹಡಗಿಗೆ ಹೋದೆ. ಅದು ಮೊಳೆಯಲ್ಲೇ ಉಳಿಯಿತು. ಅವರು ಬಾಗಿಲವರೆಗೂ ಬರಲಿಲ್ಲ. ಬಾಲ್ಕನಿಯಲ್ಲಿ ನಿಂತು ಟ್ಯಾಕ್ಸಿ ತಿರುವು ದಾಟುವವರೆಗೆ ನೋಡಿದರು ಎಂಬುದನ್ನು ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಾತನ್ನು ಉಳಿಸಿಕೊಂಡಿದ್ದೇನೆ. ಇದು ಬರಹ.

ಈಗ ಸಮಾಚಾರ. ದೊಡ್ಡಮ್ಮ ಕ್ಷೇಮ. ನಿನ್ನ ದೊಡ್ಡ ಮೀನುತೊಟ್ಟಿಯ ಆ ಕಿತ್ತಳೆ ಬಣ್ಣದ ಮುದುಕಿ ಈಗಲೂ ಬೆಳಗಾದರೆ ಗಾಜಿಗೆ ಮೂತಿ ಹಚ್ಚಿ ತಿಂಡಿ ಕೇಳುತ್ತಾಳೆ. ಅವಳ ಗಂಡ ಬಿಳಿಚುಕ್ಕೆ ರೋಗಕ್ಕೆ ಹೋದಾಗ ನೀನು ಎರಡು ಹೊತ್ತು ಊಟ ಬಿಟ್ಟಿದ್ದು ನೆನಪಿದೆ. ಅಂಗಡಿಯಿಂದ ತಂದ ಹೊಸ ಮೀನೊಂದನ್ನು ನೇರವಾಗಿ ತೊಟ್ಟಿಗೆ ಬಿಟ್ಟಿದ್ದೆವು, ಅದು ರೋಗವನ್ನೂ ಜೊತೆಗೆ ತಂದಿತ್ತು. ಅಂದೇ ನೀನು ಕಾನೂನು ಮಾಡಿದೆ: ಇನ್ನು ಮೇಲೆ ಯಾರೇ ಬರಲಿ, ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಒಂಟಿಯಾಗಿದ್ದು ಆರೋಗ್ಯ ತೋರಿಸಿದ ಮೇಲೆಯೇ ದೊಡ್ಡಮ್ಮನ ಮನೆಗೆ ಪ್ರವೇಶ. ಅವಳಿಗೊಬ್ಬ ಜೊತೆಗಾರನನ್ನು ತರಿಸಿಕೊಡಿ ಎಂದು ಮೀನಿನಂಗಡಿಯ ಅಕ್ಕನಿಗೆ ಹೇಳಿ ಹೋಗಿದ್ದೆಯಲ್ಲ, ಆ ಅಳಿಯ ಬಂದಿದ್ದಾನೆ. ಅಳಿಯ ಅಳಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂತು. ಅವನು ಸತ್ತರೆ, ಅಥವಾ ಅವನಿಂದ ದೊಡ್ಡಮ್ಮನೂ ಹೋದರೆ, ನಿನ್ನ, ನಿಮ್ಮಪ್ಪನ ನಡುವೆ ಬಾಯ್ಲರ್ ಸೂಟಿನ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದ ಹಾಗೆ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಹೊರಡುವ ಮುಂಚೆ ನೀನು ನನಗೆ ಹೇಳಿದ್ದೆ: "ದೊಡ್ಡ ತೊಟ್ಟಿಯ ಹಿಂಬದಿ ಫಿಲ್ಟರ್ ಕೋಣೇಲಿ ಒಂದು ಸ್ಪಂಜು ಬಿಟ್ಟಿದ್ದೀನಿ. ಮುಟ್ಬೇಡಿ. ಅಳಿಯ ಬರೋ ಹೊತ್ತಿಗೆ ಅವನ ಚಿಕ್ಕ ತೊಟ್ಟಿಗೆ ಹಾಕೋಕೆ ಅದು ತಯಾರಾಗಿರುತ್ತೆ." ನನಗೆ ಹೇಳಿದ್ದೆ. ನಿಮ್ಮಪ್ಪನಿಗೆ ಹೇಳಿರಲಿಲ್ಲ, ಆಗಲೇ ನಿಮ್ಮ ಮಾತು ನಿಂತಿತ್ತು. ನಾನೂ ಹೇಳಲಿಲ್ಲ. ಹೀಗಾಗಿ, ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಟ್ಟುಕೊಂಡು ಕೂತಿದ್ದ ಒಂದು ಬೆಳಿಗ್ಗೆ, ಮನೆಯಲ್ಲಿ ಬಾಯಿ ಬಿಡದೇ ಇದ್ದುದರ ಫಲ ಅನುಭವಿಸಬೇಕಾಯಿತು. ಅವರು ತೊಟ್ಟಿಯ ಗಾಜು ಒರೆಸುತ್ತಿದ್ದವರು ಹಿಂದುಗಡೆ ಇಣುಕಿದ್ದಾರೆ. ಕಂದುಬಣ್ಣಕ್ಕೆ ತಿರುಗಿ, ಲೋಳೆ ಹಿಡಿದು ಕೂತಿರುವ ಸ್ಪಂಜು ಕಂಡಿದೆ. ಲಾಂಡ್ರಿ ಮಾರಿದ ಮೇಲೆ ಅಂಥ ಭರ್ಜರಿ ಕೊಳೆ ಆ ಮನುಷ್ಯನ ಕೈಗೆ ಸಿಕ್ಕಿರಲೇ ಇಲ್ಲ ಪುಟ್ಟಿ. ಹಸಿದವನ ಮುಂದೆ ಎಲೆ ಹಾಕಿದಂತಾಗಿರಬೇಕು. ಬಿಸಿನೀರಿನಲ್ಲಿ ನೆನೆಹಾಕಿ, ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ಮತ್ತೆ ಹಿಡಿದು, ಮತ್ತೆ ಹಿಂಡಿ, ಬಿಸಿಲಿನ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದರು. ನಾನು ಬಂದಾಗ ಅದು ಅಂಗಡಿಯಿಂದ ಈಗ ತಾನೇ ತಂದಂತೆ ಬೆಳ್ಳಗೆ ತೂಗಾಡುತ್ತಿತ್ತು. ಬಟ್ಟೆಗೆ ಹಾಕುವ ನೀಲಿ ಹಾಕಿರಲಿಲ್ಲ ಎಂಬುದೊಂದೇ ಪುಣ್ಯ. "ನೋಡು," ಅಂದರು, "ನಿನ್ನ ಮಗಳು ಎಂಥ ಗಲೀಜು ಇಟ್ಕೊಂಡಿದ್ಲು."

ಏನೋ ಎಡವಟ್ಟಾಗಿದೆ ಎಂದು ನನಗನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ಅಂಗಡಿಯ ಅಕ್ಕನಿಂದ "ಮೀನು ಬಂದಿದೆ" ಎಂದು ಫೋನ್ ಬಂದಾಗ ಅವರು ಆ ಸ್ಪಂಜನ್ನೂ ಕಾಗದದಲ್ಲಿ ಸುತ್ತಿಕೊಂಡೇ ಹೊರಟರು, ತೋರಿಸಿ ಮೆಚ್ಚುಗೆ ಪಡೆಯಲು. ನಾನೂ ಜೊತೆಗೆ ಹೋದೆ. ಆ ಅಕ್ಕ ನಿನಗೆ ಗೊತ್ತಲ್ಲ, ಸರಿಯಾಗಿ ತಿರುಗಿಸಿ ನಿಲ್ಲಿಸಿದ ನಲ್ಲಿಯಿಂದ ಹನಿ ಬೀಳುವಷ್ಟೇ ಮಾತು. ಸ್ಪಂಜನ್ನು ತಿರುಗಿಸಿ ನೋಡಿದರು, ಮೂಸಿದರು. "ಯಾರು ತೊಳೆದಿದ್ದು?" "ನಾನೇ," ಅಂದರು ನಿಮ್ಮಪ್ಪ, ಎದೆ ಒಂದಿಷ್ಟು ಮುಂದೆ ತಂದು. "ಚೆನ್ನಾಗಿ ತೊಳೆದಿದ್ದೀರಿ ಯಜಮಾನ್ರೇ. ಒಬ್ರನ್ನೂ ಬಿಟ್ಟಿಲ್ಲ."

ಆಮೇಲೆ ಆಕೆ ಹೇಳಿದ್ದು ನಿನಗೆ ಗೊತ್ತಿರುವುದೇ. ನನಗೆ ಮಾತ್ರ ನಿಂತ ನೆಲ ಸ್ವಲ್ಪ ಸರಿದಂತಾಯಿತು. ಮೀನು ಉಸಿರಾಡಿದರೂ, ಉಂಡು ಬಿಟ್ಟರೂ ನೀರಿಗೆ ಅಮೋನಿಯಾ ಸೇರುತ್ತದೆ. ಪಾಪದ ಪ್ರಾಣಿ ತಾನು ಬಿಟ್ಟ ವಿಷದಲ್ಲೇ ತಾನು ಈಜಬೇಕು. ಸಮುದ್ರ ದೊಡ್ಡದು, ನುಂಗಿಕೊಳ್ಳುತ್ತದೆ. ಗಾಜಿನ ತೊಟ್ಟಿಗೆ ಅಂಥ ಹೊಟ್ಟೆ ಎಲ್ಲಿಂದ ಬರಬೇಕು? ಆ ಹೊಟ್ಟೆಯೇ ಸ್ಪಂಜು. ಅದರ ಒಂದೊಂದು ರಂಧ್ರದ ಗೋಡೆಗೂ ಕಣ್ಣಿಗೆ ಕಾಣದ ಜೀವಿಗಳು ಅಂಟಿಕೊಂಡು ಸಂಸಾರ ಹೂಡುತ್ತವಂತೆ. ಒಂದು ಜಾತಿ ಅಮೋನಿಯಾ ತಿಂದು ನೈಟ್ರೈಟ್ ಬಿಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ತಿಂದು ನೈಟ್ರೇಟ್ ಬಿಡುತ್ತದೆ. ಅದು ಅಷ್ಟೇನೂ ಕೆಡುಕಲ್ಲ, ಆಗಾಗ ನೀರು ಬದಲಿಸಿದರೆ ಸಾಕು. ನಾವು ಫಿಲ್ಟರ್ ಅಂದರೆ ಜರಡಿ ಎಂದುಕೊಂಡಿದ್ದೆವು. ಅದೊಂದು ವಠಾರ. ನಿಮ್ಮಪ್ಪ ಲೋಳೆ ಎಂದು ತಿಕ್ಕಿದ್ದು ಆ ವಠಾರದ ಜನಸಂಖ್ಯೆಯನ್ನು. ಬಿಸಿನೀರು, ನಲ್ಲಿನೀರಿನ ಕ್ಲೋರಿನ್, ಬಿಸಿಲು. ಅವರು ಮಡಿ ಮಾಡಿದರು, ಅವು ಮಡಿದವು.

ಬಸ್ಸಿನಲ್ಲಿ ನಿಮ್ಮಪ್ಪ ನಮ್ಮ ಸ್ಟಾಪು ಬಂದಾಗ ಒಂದೇ ಮಾತು ಕೇಳಿದರು: "ಅವಳು ತಿಂಗಳುಗಟ್ಲೆ ಸಾಕಿದ್ಲಾ ಅವುಗಳನ್ನ?" ಹೌದು ಅಂದೆ. ಸ್ಪಂಜಿನ ಪೊಟ್ಟಣವನ್ನು ತೊಡೆಯ ಮೇಲಿಂದ ಎತ್ತಿಕೊಂಡ ರೀತಿ ನೋಡಿದರೆ, ಇಳಿಯುವಾಗ ಅದಕ್ಕೂ ಒಂದು ಟಿಕೆಟ್ ಕೊಡಿಸುತ್ತಿದ್ದರೇನೋ.

ಅಕ್ಕ ಅಳಿಯನನ್ನು ಕೆಲವು ದಿನ ಬೇರೆ ಇಟ್ಟುಕೊಳ್ಳುತ್ತೇನೆ ಎಂದಿದ್ದರು, ಬಹಳ ದಿನ ಆಗುವುದಿಲ್ಲ ಎಂದೂ ಹೇಳಿದ್ದರು. ಅಂಗಡಿಯಲ್ಲಿ ಒಂದೆರಡು ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಕಂಡಿತ್ತಂತೆ. ನಾನು ತರ್ಕ ಹೂಡಿದೆ: ಅಳಿಯನ ಮೈಮೇಲೆ ಚುಕ್ಕೆಯಿಲ್ಲ, ಚೆನ್ನಾಗಿ ತಿನ್ನುತ್ತಾನೆ, ನೇರವಾಗಿ ದೊಡ್ಡ ತೊಟ್ಟಿಗೇ ಬಿಟ್ಟರೆ ಮುಗಿಯಿತಲ್ಲ? ನಿಮ್ಮಪ್ಪ ನನ್ನನ್ನು ನೋಡಿದ ನೋಟ ಮದುವೆಯಾದ ಹೊಸತರಲ್ಲಿ ನಾನು ರೇಷ್ಮೆ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಾಗ ನೋಡಿದ್ದೇ ನೋಟ. "ಹಣ್ಣಿನ ರಸ ಬಿದ್ದ ಬಿಳೀ ಷರಟು ನೋಡಿದ್ದೀಯಾ? ಒಣಗಿದ ಮೇಲೆ ಏನೂ ಕಾಣಲ್ಲ. ಇಸ್ತ್ರಿ ಇಟ್ಟಾಗ ಎದ್ದು ಬರುತ್ತೆ, ಹಳದಿ ಕಲೆ. ಆಮೇಲೆ ದೇವರು ಬಂದ್ರೂ ಹೋಗಲ್ಲ. ಕಾಣದೇ ಇರೋದಕ್ಕೇ ಕಾಯಬೇಕು." ನಿನ್ನ ಕಾನೂನು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ನೀನು ಕಲಿತದ್ದು ಯಾರಿಂದ ಎಂದು ನನಗೆ ಆಗ ಹೊಳೆಯಿತು.

ಹೀಗೆ ಸೊನ್ನೆಯಿಂದ ಶುರು. ಅತಿಥಿಗಳ ಕೋಣೆಯಲ್ಲಿ ನಿನ್ನ ಚಿಕ್ಕ ತೊಟ್ಟಿ ಇಟ್ಟರು. ಮರಳಿಲ್ಲ, ಗಿಡವಿಲ್ಲ, ಬರೀ ಗಾಜು. ಅವಿತುಕೊಳ್ಳಲು ಪ್ಲಂಬರು ಬಿಟ್ಟುಹೋಗಿದ್ದ ಪೈಪಿನ ತುಂಡು. ಒಂದು ಹೀಟರು, ಗಾಳಿ ಊದುವ ಪುಟ್ಟ ಪಂಪು. ಶುದ್ಧೀಕರಿಸಿದ ನೀರಿಗೆ ಕಡಲ ಉಪ್ಪು ಕಲಸಿ, ಅಳತೆಯ ಕೊಳವೆಯನ್ನು ಕಣ್ಣಿಗಿಟ್ಟು ಕಿಟಕಿ ಕಡೆ ತಿರುಗಿ ನಿಂತರು. ಆ ಭಂಗಿಯಲ್ಲಿ ಅವರೇ ಹಡಗಿನ ಕಪ್ತಾನನಂತೆ ಕಂಡರು. ದಡ ಕಂಡಿತೇ ಎಂದು ಕೇಳಿದೆ. "ಉಪ್ಪು ಕಮ್ಮಿ," ಅಂದರು. ಎರಡು ತೊಟ್ಟಿಗೂ ಬೇರೆ ಬೇರೆ ಬಕೆಟ್ಟು, ಬೇರೆ ಬಲೆ, ಬೇರೆ ಟವೆಲು. ಆಸ್ಪತ್ರೆಯ ಬಟ್ಟೆ ಮನೆಯ ಬಟ್ಟೆಯ ಜೊತೆ ಬೆರೆಯದಂತೆ ಲಾಂಡ್ರಿಯಲ್ಲಿ ಕೆಂಪು ದಾರದ ಗುರುತು ಹೊಲಿಯುತ್ತಿದ್ದರಲ್ಲ, ಅದೇ ಕೆಂಪು ದಾರ ಈಗ ಚಿಕ್ಕ ತೊಟ್ಟಿಯ ಬಕೆಟ್ಟಿನ ಹಿಡಿಗೆ. ಬೀಜಕ್ಕೇನು ಮಾಡುವುದು? ದೊಡ್ಡ ತೊಟ್ಟಿಯ ಹಿಂಬದಿ ಕೋಣೆಯಲ್ಲಿ ಒಂದಿಷ್ಟು ಕಲ್ಲುಚೂರು ಇದ್ದವಲ್ಲ, ಅವುಗಳ ಮೇಲೂ ಆ ಜೀವಿಗಳು ಇರುತ್ತವೆ ಎಂದು ಅಕ್ಕ ಹೇಳಿದ್ದರು. ಕಾಲುಚೀಲ ಒಗೆಯುವ ಜಾಲರಿ ಚೀಲದಲ್ಲಿ ಅವನ್ನು ತುಂಬಿ ಹೊಸ ಸ್ಪಂಜಿನ ಪಕ್ಕಕ್ಕೆ ಇಳಿಬಿಟ್ಟರು. ಅಷ್ಟು ವರ್ಷ ಜಾಲರಿ ಚೀಲದಿಂದ ಕೊಳೆ ಹೊರಗೆ ಹಾಕಿದವರು, ಈಗ ಅದೇ ಚೀಲದಲ್ಲಿ ಕೊಳೆಯನ್ನು ಮೆರವಣಿಗೆ ಮಾಡಿ ಒಳಗೆ ತಂದರು.

ಕೆಲಸಗಾರರಿಗೆ ಕೂಳು ಬೇಕಲ್ಲ. ಮೀನೇ ಇಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬೇಕು, ಅದರಿಂದ ಅಮೋನಿಯಾ ಹುಟ್ಟಬೇಕು. ಆ ಚಿಟಿಕೆ ಹಾಕುವಾಗ ನಿಮ್ಮಪ್ಪ ಮುಖ ಆಚೆ ತಿರುಗಿಸಿದ್ದನ್ನು ನೀನು ನೋಡಬೇಕಿತ್ತು. ತಿಳಿನೀರಿಗೆ ಬೇಕೆಂದೇ ಕೊಳಕು ಹಾಕುವುದು. ಜೀವಮಾನವಿಡೀ ಕಲೆ ತೆಗೆದವರು ಕಡೆಗಾಲದಲ್ಲಿ ಕಲಾರಾಧಕರಾದರು ಎಂದೆ. ನಗಲಿಲ್ಲ. ತಪಸ್ಸಿಗೆ ಕೂತವರು ನಗುತ್ತಾರೆಯೇ?

ಆಮೇಲೆ ಪರೀಕ್ಷೆಯ ದಿನಗಳು. ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು, ಮೇಲೆ ಔಷಧದ ಹನಿ, ಕುಲುಕಿ ಕಾದರೆ ಬಣ್ಣ. ಅಮೋನಿಯಾಕ್ಕೆ ಹಳದಿ ಬಂದರೆ ಕ್ಷೇಮ, ಹಸಿರಾದರೆ ವಿಷ. ನೈಟ್ರೈಟಿಗೆ ತಿಳಿನೀಲಿ ಕ್ಷೇಮ, ನೇರಳೆ ವಿಷ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನಾನು "ಹಳದಿ ಆಯ್ತಲ್ರೀ" ಅಂದರೆ, "ಇದು ಹಳದಿ ಅಲ್ಲ, ಹಸಿರಿನ ಜೊತೆ ಒಗೆದ ಹಳದಿ" ಎನ್ನುತ್ತಿದ್ದರು. ಬಣ್ಣದ ವಿಷಯದಲ್ಲಿ ಅವರೊಡನೆ ವಾದ ಮಾಡಿ ಗೆದ್ದವರಿಲ್ಲ. ಮೊದಲು ಹಸಿರು ಕಡುವಾಗುತ್ತ ಹೋಯಿತು. ಅವರ ಮುಖವೂ. ಒಂದು ದಿನ ಹಸಿರು ಸ್ವಲ್ಪ ಮಾಸಿತು, ಅದೇ ದಿನ ಇನ್ನೊಂದು ನಳಿಗೆಯಲ್ಲಿ ನೇರಳೆ ಮೂಡಿತು. ನನಗೆ ಗಾಬರಿ. ಅವರು ಕುರ್ಚಿಯಿಂದ ಎದ್ದೇ ನಿಂತರು. "ಮೊದಲ ಪಾಳಿಯ ಹುಡುಗರು ಬಂದ್ರು ಕಣೇ."

ಹುಡುಗರು. ಲಾಂಡ್ರಿಯ ಕೆಲಸಗಾರರನ್ನು ಹಾಗೆಯೇ ಕರೆಯುತ್ತಿದ್ದರು, ಮೀಸೆ ನರೆತವರನ್ನೂ. ಅಂಗಡಿ ಮಾರಿದಂದಿನಿಂದ ಆ ಪದ ಅವರ ಬಾಯಲ್ಲಿ ಕೇಳಿರಲಿಲ್ಲ.

ಎರಡನೇ ಪಾಳಿ ಬಹಳ ಸತಾಯಿಸಿತು. ನೇರಳೆ ಇಳಿಯಲೇ ಇಲ್ಲ. ಅಂಗಡಿಯ ಅಕ್ಕ ಫೋನ್ ಮಾಡಿ "ಆಯ್ತಾ?" ಎಂದರೆ, ಇವರು ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನಂತೆ "ಇನ್ನೂ ಇಲ್ಲ" ಅನ್ನುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ನಾನು ಕಾಫಿ ಹಿಡಿದು ಹೋದಾಗ ಅವರು ಎರಡೂ ನಳಿಗೆಗಳನ್ನು ಕಿಟಕಿಗೆ ಹಿಡಿದು ನಿಂತಿದ್ದರು. ಒಂದು ನಿಂಬೆಹಳದಿ, ಇನ್ನೊಂದು ತಿಳಿನೀಲಿ. ಯಾವ ಮಾಸಲೂ ಇಲ್ಲ, ಅವರಿಗೇ ಒಪ್ಪಿಗೆಯಾಗುವಂಥ ಬಣ್ಣ. ಹಿಂದಿನ ದಿನ ಹಾಕಿದ ಕೊಳಕು ಎಲ್ಲಿ ಹೋಯಿತು ಪುಟ್ಟಿ? ನಾವು ನೀರು ಬದಲಿಸಿರಲಿಲ್ಲ. ತೊಟ್ಟಿಯಲ್ಲಿ ಗುಳ್ಳೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಸ್ಪಂಜು ಬಿಳುಪು ಕಳೆದುಕೊಂಡು ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿತ್ತು. ಅಷ್ಟೇ ಸಾಕ್ಷಿ. ಸದ್ದಿಲ್ಲ, ಹಾಜರಿಯಿಲ್ಲ, ಬಂದೆವು ಹೋದೆವು ಎಂಬುದಿಲ್ಲ, ಇಡೀ ನೀರನ್ನು ಬದುಕಲು ಯೋಗ್ಯ ಮಾಡಿಟ್ಟಿದ್ದಾರೆ. ನಾನು ದೇವರ ಇರವಿನ ಬಗ್ಗೆ ಪರ ವಿರೋಧ ಎರಡೂ ವಾದಗಳನ್ನು ಪಾಠ ಮಾಡಿದವಳು, ಯಾವುದಕ್ಕೂ ಮೈ ನವಿರೆದ್ದಿರಲಿಲ್ಲ. ಅತಿಥಿ ಕೋಣೆಯಲ್ಲಿ, ಪ್ಲಾಸ್ಟಿಕ್ ಪೈಪು ಬಿದ್ದಿರುವ ಖಾಲಿ ನೀರಿನ ಮುಂದೆ ಎದ್ದಿತು. ಕಾಫಿ ಆರಿಹೋಯಿತು. ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.

ಅಂದೇ ಅಳಿಯನನ್ನು ಕರೆತಂದೆವು. ಹೆಬ್ಬೆರಳಿನಷ್ಟಿದ್ದಾನೆ, ಬಿಳಿ ಪಟ್ಟಿ ಮೂರೂ ಗರಿಗರಿಯಾಗಿ ಇಸ್ತ್ರಿ ಮಾಡಿದಂತಿವೆ. ನಿಮ್ಮಪ್ಪನಿಗೆ ಅದೇ ಮೊದಲು ಮೆಚ್ಚುಗೆಯಾದದ್ದು. ಚೀಲದ ನೀರು ಒಂದು ಹನಿಯೂ ಒಳಗೆ ಬೀಳದಂತೆ ಅವನನ್ನು ಮಾತ್ರ ಬಿಟ್ಟರು. ಅವನು ಪೈಪಿನೊಳಗೆ ಹೊಕ್ಕು, ಸಂಜೆಗೆ ಅರ್ಧ ಮುಖ ಹೊರಗೆ ಹಾಕಿದ. ಮಾರನೆಯ ದಿನ ತಿಂದ. ಅವನು ತಿಂದ, ಬಿಟ್ಟ, ಮತ್ತೆ ತಿಂದ, ಆದರೂ ನಳಿಗೆಯ ಹಳದಿ ಹಳದಿಯಾಗಿಯೇ ಉಳಿದಿದೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಎಲ್ಲೋ ಕೇಬಲ್ ಅಗೆದಿದ್ದರು. ಗಾಳಿಯ ಪಂಪು ನಿಂತಿತು, ಗುಳ್ಳೆ ನಿಂತಿತು. ನಾನು ಹೋಗಿ ನೋಡಿದರೆ ನಿಮ್ಮಪ್ಪ ಸ್ಟೂಲಿನ ಮೇಲೆ ಕೂತು ಕೆಂಪು ದಾರದ ಮಗ್ಗಿನಿಂದ ತೊಟ್ಟಿಯ ನೀರನ್ನು ಮೊಗೆದು, ಎತ್ತರದಿಂದ ಸ್ಪಂಜಿನ ಮೇಲೆ ಸುರಿಯುತ್ತಿದ್ದಾರೆ. ಮೊಗೆದು ಸುರಿದು, ಮೊಗೆದು ಸುರಿದು. ಅದೇ ಹಳೆಯ ಜಾಲಾಡಿಸುವ ಲಯ. "ಮೀನು ಚೆನ್ನಾಗೇ ಇದೆಯಲ್ರೀ, ಈಜ್ತಾ ಇದೆ," ಅಂದೆ. "ಮೀನು ಮೇಲಕ್ಕೆ ಬಂದು ಹೇಗೋ ಸುಧಾರಿಸ್ಕೊಳ್ಳುತ್ತೆ. ಹುಡುಗರು ಅಂಟ್ಕೊಂಡ ಜಾಗ ಬಿಟ್ಟು ಎಲ್ಲಿಗೆ ಹೋಗ್ತಾರೆ? ಅವರಿಗೂ ಉಸಿರು ಬೇಕಲ್ಲ." ಕರೆಂಟು ಬರುವ ಹೊತ್ತಿಗೆ ಸಂಜೆಯ ಬಿಸಿಲು ಗೋಡೆ ಹತ್ತಿತ್ತು. ಕೈ ಎತ್ತಲಾರದೆ ನನ್ನಿಂದ ತುತ್ತು ಹಾಕಿಸಿಕೊಂಡರು. ಹಾಕುವಾಗ ತಮಾಷೆ ಮಾಡಬೇಕೆಂದುಕೊಂಡೆ. ಒಂದೂ ಹೊಳೆಯಲಿಲ್ಲ. ನನಗೇ ಹೊಳೆಯಲಿಲ್ಲ. ಊಟ ಮುಗಿಯುವ ಹೊತ್ತಿಗೆ ಅವರು ಅಂದರು, "ನೀರಿನ ಮಟ್ಟಕ್ಕಿಂತ ಕೆಳಗೆ, ಯಾರಿಗೂ ಕಾಣದೇ ಇರೋ ಜಾಗದಲ್ಲಿ ನಿಂತು ಇಡೀ ಮನೆ ನಡೆಸ್ತಾರಲ್ಲ." ನಾನು "ಯಾರು?" ಎಂದು ಕೇಳಲಿಲ್ಲ. ತರ್ಕ ಗೊತ್ತಿದ್ದವಳಿಗೆ ಎಲ್ಲಿ ಪ್ರಶ್ನೆ ಕೇಳಬಾರದೆಂದೂ ಗೊತ್ತಿರಬೇಕು.

ಅಳಿಯ ಇನ್ನೂ ಕೆಲವು ವಾರ ಒಂಟಿಯಾಗಿಯೇ ಇರಬೇಕು. ಚುಕ್ಕೆ ಇಲ್ಲಿಯವರೆಗೆ ಕಂಡಿಲ್ಲ. ಕಾಣದೇ ಇರುವುದಕ್ಕೇ ಕಾಯುತ್ತಿದ್ದೇವೆ. ದೊಡ್ಡಮ್ಮನಿಗೆ ಸುಳಿವು ಸಿಕ್ಕಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಎಂಜಿನ್ನಿಗೂ ನಿನಗೂ ಬಿಸಿ ಏರದಿರಲಿ. ನಿನ್ನ ಜೊತೆ ಆ ತಳದಲ್ಲಿ ಪಾಳಿ ಮಾಡುವ ಎಲ್ಲರಿಗೂ, ನನ್ನ ಮುಖ ಕಾಣದ ಮಕ್ಕಳಿಗೆ, ನನ್ನ ಆಶೀರ್ವಾದ ತಿಳಿಸು. ನಿನಗೆ ಎಂದಿನದಕ್ಕಿಂತ ಒಂದು ಮುತ್ತು ಹೆಚ್ಚು.

ನಿನ್ನ
ಅಮ್ಮ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಚ್ಚಲ ಕಡೆಯಿಂದ ಸದ್ದಾಯಿತು, ಎದ್ದು ಹೋದೆ. ನಿಮ್ಮಪ್ಪ ನಿನ್ನ ಬಾಯ್ಲರ್ ಸೂಟನ್ನು ಮೊಳೆಯಿಂದ ಇಳಿಸುತ್ತಿದ್ದರು. ಇನ್ನೇನು ನೆನೆಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ. ಮೇಜಿನ ಮೇಲೆ ಹರಡಿ, ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ತಾಗಿಯೂ ತಾಗದಂತೆ ಆಡಿಸಿ, ತೋಳು ಮಡಿಸಿ, ಎಣ್ಣೆಯ ಗುರುತುಗಳೆಲ್ಲ ಮೇಲಕ್ಕೆ ಕಾಣುವ ಹಾಗೆ ನಿನ್ನ ಬೀರುವಿನಲ್ಲಿ ಇಟ್ಟರು. "ಒಗೆಯಲ್ವಾ?" ಅಂದೆ. "ಒಗೆಯೋಕೆ ಕೊಳೆ ಎಲ್ಲಿದೆ?" ಅಂದರು. ಮುಂದಿನ ಬಂದರಿನಿಂದ ನನಗೆ ಫೋನ್ ಮಾಡಬೇಡ, ಅವರ ನಂಬರಿಗೆ ಮಾಡು. ಅವರು ಬರೀ ನೈಟ್ರೈಟಿನ ವಿಷಯವೇ ಕೇಳುತ್ತಾರೆ. ನೀನೂ ನೈಟ್ರೈಟಿನ ವಿಷಯವೇ ಹೇಳು.